ಡೋನಟ್ ಕುಗ್ಗಿದರೆ ಲೆಕ್ಕ ಹಿಗ್ಗುತ್ತದೆ

ಆರೋಗ್ಯವಾಗಿರುವ ಒಬ್ಬ ದೊಡ್ಡ ಮನುಷ್ಯನ ಮೈಯಲ್ಲಿ ಹರಿಯುವ ರಕ್ತ ಸುಮಾರು 5 ಲೀಟರ್. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಪರೀಕ್ಷೆ ಮಾಡಿಸಿದಾಗ ಲ್ಯಾಬಿನ ಚೀಟಿಯಲ್ಲಿ 90 ಎಂದು ಬಂದರೆ, 100 ಮಿಲಿಲೀಟರ್ ರಕ್ತಕ್ಕೆ 90 ಮಿಲಿಗ್ರಾಂ ಸಕ್ಕರೆ ಎಂದರ್ಥ. ಗುಣಿಸಿ ನೋಡಿ: ಇಡೀ ರಕ್ತಕ್ಕೆ ನಾಲ್ಕೂವರೆ ಗ್ರಾಂ. ಕಾಫಿಗೆ ಹಾಕುವ ಒಂದು ಸಣ್ಣ ಚಮಚ. ಅಷ್ಟರಲ್ಲೇ ಮಿದುಳು ಯೋಚಿಸುತ್ತದೆ, ಕಾಲು ಗದ್ದೆಯ ಬದುವಿನ ಮೇಲೆ ನಡೆಯುತ್ತದೆ.

ಬೇಕರಿಯ ಸಾಧಾರಣ ಡೋನಟ್ ಸುಮಾರು 60 ಗ್ರಾಂ ತೂಗುತ್ತದೆ, ಅದರಲ್ಲಿ 30 ಗ್ರಾಂನಷ್ಟು ಶರ್ಕರಪಿಷ್ಟ. ಎಂದರೆ ರಕ್ತದಲ್ಲಿರುವ ಒಟ್ಟು ಸಕ್ಕರೆಯ ಆರೇಳು ಪಟ್ಟು, ನಾಲ್ಕು ತುತ್ತಿನಲ್ಲಿ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವವರ ಮೈ ಇದನ್ನು ಸದ್ದಿಲ್ಲದೆ ಸಂಭಾಳಿಸಿಬಿಡುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್‌-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ, ಈ ದೇಶದಲ್ಲಿ ಸಕ್ಕರೆ ಕಾಯಿಲೆಯಿರುವ 10.1 ಕೋಟಿ ಜನರಿಗೆ ಅದು ಆಗದು.

ಡೋನಟ್ಟಿನ ಮೈದಾದಲ್ಲಿರುವ ಗ್ಲುಟೆನ್ ವಿಚಾರ ಬೇರೆ. ಗೋಧಿಯ ಈ ಪ್ರೋಟೀನ್ ಆಗದ ಸೀಲಿಯಾಕ್ ರೋಗವನ್ನು ಭಾರತದ ಮೂರು ಭಾಗಗಳಲ್ಲಿ ಹುಡುಕಿದ 2016ರ ಒಂದು ಅಧ್ಯಯನಕ್ಕೆ ಉತ್ತರದಲ್ಲಿ ಶೇ. 1.23, ದಕ್ಷಿಣದಲ್ಲಿ ಶೇ. 0.10 ಸಿಕ್ಕಿತು. ನಮ್ಮ ಕಡೆ ಸಾವಿರಕ್ಕೆ ಒಬ್ಬರು. ಸಕ್ಕರೆ ಕಾಯಿಲೆಯಾದರೋ, ಇಂಡಿಯಾಬ್ ಲೆಕ್ಕದಲ್ಲಿ, ದೇಶದ ದೊಡ್ಡವರಲ್ಲಿ ಸಾವಿರಕ್ಕೆ 114. ಹಾಗಾಗಿ ‘ಗ್ಲುಟೆನ್ ಇಲ್ಲ’ ಎಂಬ ಚೀಟಿಯನ್ನೇ ಆರೋಗ್ಯ ಅಂದುಕೊಂಡು ದುಬಾರಿ ಪೊಟ್ಟಣ ಕೊಳ್ಳುವುದು ನನಗೆ ತಮಾಷೆಯಾಗಿ ಕಾಣುತ್ತದೆ. ನಮ್ಮ ಕೋಡುಬಳೆಗೂ ಬಳೆಯ ಆಕಾರವಿದೆ, ಅಕ್ಕಿ ಹಿಟ್ಟಿನದಾದರೆ ಗ್ಲುಟೆನ್ನೂ ಇಲ್ಲ. ಆದರೆ 100 ಗ್ರಾಂ ಅಕ್ಕಿ ಹಿಟ್ಟಿನಲ್ಲಿ ಶರ್ಕರಪಿಷ್ಟ 80 ಗ್ರಾಂ, ಮೈದಾದಲ್ಲಿ 76. ಭತ್ತ ಗೆದ್ದಿತು, ಬೇಡದ ಪಂದ್ಯದಲ್ಲಿ.

ಡೋನಟ್ಟಿನಲ್ಲಿ ಗ್ಲುಟೆನ್, ಶರ್ಕರಪಿಷ್ಟ ಎರಡೂ ಕಡಿಮೆಯಾಗಬೇಕೆಂದರೆ ದಾರಿ ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರ ಹೋಬಳಿಯ ಯಾವ ಅಡುಗೆಮನೆಯಲ್ಲೂ ಸಿಗುವ ಡಬ್ಬಿಗಳಲ್ಲೇ ಇದೆ. ಬಾದಾಮಿ ಹಿಟ್ಟಿಗಾಗಿ ಮೈಸೂರಿಗೆ ಹೋಗಬೇಕಿಲ್ಲ. ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜದ ಪುಡಿ 100 ಗ್ರಾಂ, ನೆನೆಸಿ ನುಣ್ಣಗೆ ರುಬ್ಬಿದ ಉದ್ದಿನಬೇಳೆ 40 ಗ್ರಾಂ (ನೆನೆಸುವ ಮುಂಚಿನ ತೂಕ), ಒಣಕೊಬ್ಬರಿ ತುರಿ 30 ಗ್ರಾಂ, ಹುಳಿಮೊಸರು 50 ಗ್ರಾಂ, ಏಲಕ್ಕಿ, ಚಿಟಿಕೆ ಉಪ್ಪು, ಅರ್ಧ ಗ್ರಾಂ ಅಡುಗೆ ಸೋಡಾ, ಸಿಹಿಗೆ ಮಾತ್ರ ಅಂಗಡಿಯಿಂದ ತಂದ ಸ್ಟೀವಿಯಾ. ಪಡ್ಡಿನ ಹಂಚಿನ ಗುಳಿಗೆ ಎರಡೆರಡು ಹನಿ ಎಣ್ಣೆ ಬಿಟ್ಟು, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸಿ ಮಗುಚಿದರೆ ತಲಾ 11 ಗ್ರಾಂ ಹಿಟ್ಟಿನ 24 ಉಂಡೆಗಳಾಗುತ್ತವೆ. ನಾರನ್ನು ಕಳೆದು ಉಳಿಯುವ ಶರ್ಕರಪಿಷ್ಟ ಒಟ್ಟು 28 ಗ್ರಾಂ ಆಸುಪಾಸು. ತಟ್ಟೆಯ 24ನ್ನೂ ಸೇರಿಸಿದರೆ ಬೇಕರಿಯ ಒಂದೇ ಒಂದು ಡೋನಟ್! ರುಚಿಗೆಂದು ನಂಜನಗೂಡು ರಸಬಾಳೆ ಕಿವುಚಿ ಸೇರಿಸುವ ಆಸೆಯಾದರೆ ತಡೆದುಕೊಳ್ಳಿ; 100 ಗ್ರಾಂ ಬಾಳೆಹಣ್ಣು ಇನ್ನೂ 20 ಗ್ರಾಂ ತಂದು ಸುರಿಯುತ್ತದೆ.

ನಡುವಿನ ತೂತು ಎಲ್ಲಿ ಅನ್ನುತ್ತೀರಿ. ತೂತು ಇರುವುದು ಬಿಸಿ ಒಳಗಿನವರೆಗೆ ಮುಟ್ಟಲಿ ಎಂದು. ದಪ್ಪ ಅರ್ಧವಾದರೆ ಬಿಸಿ ನಡುವಿಗೆ ತಲುಪುವ ಹೊತ್ತು ಕಾಲು ಭಾಗಕ್ಕಿಳಿಯುತ್ತದೆ, ಆದ್ದರಿಂದ ಈ ಗಾತ್ರಕ್ಕೆ ತೂತೇ ಬೇಡ. ಚಿಕ್ಕದಾಗುವುದರಲ್ಲಿ ಇನ್ನೊಂದು ಮೋಸವಿದೆ. 8 ಸೆಂಟಿಮೀಟರ್ ಅಗಲದ ಡೋನಟ್ಟನ್ನು ಅದೇ ಆಕಾರದಲ್ಲಿ 4 ಸೆಂಟಿಮೀಟರ್‌ಗೆ ಇಳಿಸಿದರೆ ತೂಕ ಅರ್ಧವಾಗುವುದಿಲ್ಲ, ಎಂಟನೇ ಒಂದು ಭಾಗವಾಗುತ್ತದೆ. ಆದರೆ ಆ ಎಂಟು ಮರಿಗಳ ಮೈಯನ್ನೆಲ್ಲ ಅಳೆದರೆ ತಾಯಿಯದರ ಎರಡು ಪಟ್ಟು. ಬಾಣಲೆಯಲ್ಲಿ ಎಣ್ಣೆ ಹಿಡಿಯುವುದು ಮೈಯೇ ತಾನೆ. ಅದಕ್ಕೇ ಕರಿಯುವುದು ಬಿಟ್ಟು ಪಡ್ಡಿನ ಹಂಚು.

ಉಬ್ಬುವ ಸಂಗತಿ ಇದಕ್ಕಿಂತ ಸ್ವಾರಸ್ಯದ್ದು. ಅರ್ಧ ಗ್ರಾಂ ಸೋಡಾ ಮೊಸರಿನ ಹುಳಿಯ ಜೊತೆ ಪೂರ್ತಿ ಬೆರೆತರೆ 140 ಮಿಲಿಲೀಟರ್‌ನಷ್ಟು ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಹಿಟ್ಟಿನದೇ ಗಾತ್ರ ಕಾಲು ಲೀಟರ್. ಗೋಧಿಯಲ್ಲಾದರೆ ಗ್ಲುಟೆನ್ ಬಲೆಯಾಗಿ ಈ ಗಾಳಿಯನ್ನು ಹಿಡಿದಿಡುತ್ತದೆ. ಇಲ್ಲಿ ಹಿಡಿಯುವವರು ಯಾರು? ಉತ್ತರ ಹುಡುಕಿದ್ದು ಮೈಸೂರಿನಲ್ಲೇ. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ 1970ರ ದಶಕದಲ್ಲಿ ಎನ್‌. ಎಸ್‌. ಸುಶೀಲಮ್ಮ ಮತ್ತು ಎಂ. ವಿ. ಎಲ್‌. ರಾವ್ ಉದ್ದನ್ನು ಬಿಡಿಸಿ ನೋಡಿದರು. ಅದರ ಗ್ಲೋಬ್ಯುಲಿನ್ ಎಂಬ ಪ್ರೋಟೀನ್ ನೊರೆ ಎಬ್ಬಿಸುತ್ತದೆ, ಲೋಳೆಯಂಥ ಅರಬಿನೊಗ್ಯಾಲಕ್ಟನ್ ಆ ನೊರೆ ಒಡೆಯದಂತೆ ಕಾಯುತ್ತದೆ. ಇಡ್ಲಿ ಮೆತ್ತಗಾಗುವುದರ ಗುಟ್ಟು ಇದೇ. ಈ 40 ಗ್ರಾಂ ಉದ್ದನ್ನು ಬಿಟ್ಟರೆ ಶರ್ಕರಪಿಷ್ಟ 28ರಿಂದ 12ಕ್ಕೆ ಇಳಿಯುತ್ತದೆ, ನಿಜ. ಮೊಟ್ಟೆ ಒಡೆದು ಹಾಕುವವರು ಹಾಗೇ ಮಾಡಲಿ. ಮೊಟ್ಟೆ ಮುಟ್ಟದ ಮನೆಗಳಲ್ಲಿ 16 ಗ್ರಾಂ ಉದ್ದಿಗೆ ಕೊಡುವ ಕೂಲಿ ಅಂದುಕೊಳ್ಳಬೇಕು.

ಇನ್ನು ಹೇಳಲೇಬೇಕಾದ ಲೆಕ್ಕ. ಬೇಕರಿಯ ಡೋನಟ್‌ನಲ್ಲಿ 250 ಕ್ಯಾಲರಿ ಆಸುಪಾಸು. ಅದಕ್ಕೆ ಸರಿಗಟ್ಟಿದ ನಮ್ಮ 24 ಉಂಡೆಗಳಲ್ಲಿ? ಕಡಲೆಕಾಯಿಯದೇ 567, ಕೊಬ್ಬರಿ ಸುಮಾರು 200, ಉದ್ದು 136, ಮೊಸರು ಎಣ್ಣೆ ಸೇರಿ ಸಾವಿರದ ಹತ್ತಿರ ಬರುತ್ತದೆ. ಶರ್ಕರಪಿಷ್ಟದಲ್ಲಿ ಸಮ, ಶಕ್ತಿಯಲ್ಲಿ ಹೆಚ್ಚುಕಡಿಮೆ ನಾಲ್ಕು ಪಟ್ಟು. ತಟ್ಟೆಗೆ ನಾಲ್ಕು ಹಾಕಿಕೊಂಡರೆ ಸುಮಾರು 160 ಕ್ಯಾಲರಿ, 5 ಗ್ರಾಂಗೂ ಕಡಿಮೆ ಶರ್ಕರಪಿಷ್ಟ. ಐದನೆಯದಕ್ಕೆ ಕೈ ಹೋಗುವ ಮುಂಚೆ ಡಬ್ಬಿ ಮುಚ್ಚಿಡಿ.

ಗ್ಲುಟೆನ್ ಆಗದ ಆ ಸಾವಿರಕ್ಕೊಬ್ಬರು ನಿಮ್ಮ ಮನೆಯಲ್ಲೇ ಇದ್ದರೆ ಲೆಕ್ಕ ಇನ್ನೂ ಸೂಕ್ಷ್ಮ. ಒಂದು ಕಿಲೋ ಆಹಾರದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಿದರೆ ‘ಗ್ಲುಟೆನ್ ರಹಿತ’ ಎಂದು ಬರೆಯುವ ಹಾಗಿಲ್ಲ. ಮೈದಾದ ಪ್ರತಿ ಗ್ರಾಂನಲ್ಲಿ 80 ಮಿಲಿಗ್ರಾಂನಷ್ಟು ಗ್ಲುಟೆನ್ ಇರುವುದರಿಂದ, ಕಾಲು ಗ್ರಾಂ ಮೈದಾ ಒಂದು ಕಿಲೋ ಹಿಟ್ಟನ್ನು ಗಡಿಗೆ ತಂದು ನಿಲ್ಲಿಸುತ್ತದೆ. ಒಂದು ಸಣ್ಣ ಚಮಚದ 3 ಗ್ರಾಂ, 12 ಕಿಲೋವನ್ನು. ಊರಿನ ಹಿಟ್ಟಿನ ಮಿಲ್ಲಿನಲ್ಲಿ ನಿಮಗಿಂತ ಮುಂಚೆ ಯಾರೋ ಗೋಧಿ ಬೀಸಿಸಿಕೊಂಡು ಹೋಗಿದ್ದರೆ ಕಲ್ಲಿನ ಸಂದಿಯಲ್ಲಿ ಅಷ್ಟು ಉಳಿದೇ ಇರುತ್ತದೆ. ಉದ್ದಿನವಡೆಗೆ ಹಾಕುವ ಡಬ್ಬಿಯ ಇಂಗಿನಲ್ಲೂ ಬಹಳಷ್ಟು ಸಲ ಗೋಧಿ ಹಿಟ್ಟು ಬೆರೆತಿರುತ್ತದೆ, ಹಿಂಬದಿಯ ಸಣ್ಣಕ್ಷರ ಓದಬೇಕು. ಅಂಥ ಮನೆಯಲ್ಲಿ ಕಡಲೆಕಾಯಿಯನ್ನು ಮಿಕ್ಸಿಯಲ್ಲೇ ಪುಡಿ ಮಾಡಿ. ಪಡ್ಡಿನ ಹಂಚಂತೂ ಬೇರೆಯದೇ ಇರಲಿ: ಹೋದ ವಾರ ರವೆ ಪಡ್ಡು ಹುಯ್ದ ಹಂಚಿನ ಗುಳಿಯ ಅಂಚಿಗೆ ಕಚ್ಚಿಕೊಂಡ ಚೂರು ಗೋಧಿಯದೇ.