ಜಂಬಕ್ ಯಾವ ಪ್ರಾಣಿ?

ಇಂಗ್ಲಿಷ್ ಹಾಡಿನಲ್ಲಿ ಗೊತ್ತಿಲ್ಲದ ಪದ ಸಿಕ್ಕ ಕೂಡಲೇ ಮೊಬೈಲಿಗೆ ಕೈ ಹಾಕಬೇಡಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ. ಅರ್ಥ ಹುಡುಕಲೇಬಾರದು ಎಂದಲ್ಲ, ಮೊದಲು ಹಾಡನ್ನೇ ವಿಚಾರಿಸಬೇಕು. ಆ ಪದ ಅಲ್ಲಿ ಏನು ಮಾಡುತ್ತಿದೆ? ಅದನ್ನು ಯಾರಾದರೂ ತಿನ್ನುತ್ತಿದ್ದಾರೆಯೆ, ಹೊರುತ್ತಿದ್ದಾರೆಯೆ, ಅದಕ್ಕೆ ಹೆದರುತ್ತಿದ್ದಾರೆಯೆ? ಮುಕ್ಕಾಲು ಪಾಲು ಉತ್ತರ ಅಕ್ಕಪಕ್ಕದ ಕ್ರಿಯಾಪದಗಳಲ್ಲೇ ಇರುತ್ತದೆ.

ಸಾಗರದಲ್ಲಿ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವವಳು ನಾನು. ನನ್ನ ತರಗತಿಯ ಹೆಚ್ಚಿನವರು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಶನಿವಾರದ ಕೊನೆಯ ಪೀರಿಯಡ್ಡನ್ನು ಹಾಡಿಗೆಂದೇ ಇಟ್ಟುಕೊಂಡಿದ್ದೇನೆ. ಪ್ರತಿ ವರ್ಷ ಹೊಸ ಬ್ಯಾಚಿಗೆ ಮೊದಲು ಕೇಳಿಸುವುದು ಆಸ್ಟ್ರೇಲಿಯಾದ ‘ವಾಲ್ಟ್ಸಿಂಗ್ ಮಟಿಲ್ಡಾ’. ಅಲ್ಲಿಯವರಿಗೆ ಅದು ಎಷ್ಟು ಹತ್ತಿರದ ಹಾಡೆಂದರೆ, 1977ರಲ್ಲಿ ರಾಷ್ಟ್ರಗೀತೆ ಯಾವುದಿರಲಿ ಎಂದು ಸರ್ಕಾರ ಜನರ ಮತ ಕೇಳಿದಾಗ ಎರಡನೆಯ ಸ್ಥಾನ ಇದಕ್ಕೇ ಸಿಕ್ಕಿತ್ತು. ನಾನು ಇದನ್ನು ಆರಿಸಿಕೊಳ್ಳಲು ಬೇರೆ ಕಾರಣವಿದೆ. ಸ್ವ್ಯಾಗ್‌ಮನ್, ಬಿಲ್ಲಬಾಂಗ್, ಕೂಲಿಬಾ, ಬಿಲ್ಲಿ, ಜಂಬಕ್, ಟಕರ್ ಬ್ಯಾಗ್ ಎಂದು ಒಂದರ ಬೆನ್ನಿಗೆ ಒಂದು ಪದ ಬರುತ್ತವೆ. ಕಾನ್ವೆಂಟಿನಿಂದ ಬಂದವರಿಗೂ ಅವು ಹೊಸತು, ಹಳ್ಳಿ ಶಾಲೆಯಿಂದ ಬಂದವರಿಗೂ ಹೊಸತು. ಹಿಂದಿನ ಬೆಂಚಿನ ಮಕ್ಕಳು ಅಳುಕಿಲ್ಲದೆ ಬಾಯಿ ಬಿಡುವುದು ಆ ಪೀರಿಯಡ್ಡಿನಲ್ಲೇ.

ಕತೆ ಚಿಕ್ಕದು. ಒಬ್ಬ ಅಲೆಮಾರಿ ನೀರಿನ ಬಳಿ ಮರದ ನೆರಳಲ್ಲಿ ಬಿಡಾರ ಹೂಡಿ, ಚಹಾಕ್ಕೆ ನೀರು ಕುದಿಯಲೆಂದು ಕಾಯುತ್ತಿದ್ದಾನೆ. ಒಂದು ಜಂಬಕ್ ನೀರು ಕುಡಿಯಲು ಬರುತ್ತದೆ. ಅವನು ಎದ್ದು ಅದನ್ನು ಹಿಡಿದು ತನ್ನ ಚೀಲಕ್ಕೆ ತುರುಕುತ್ತಾನೆ. ಕುದುರೆ ಏರಿ ಸ್ಕ್ವಾಟರ್ ಬರುತ್ತಾನೆ, ಅವನ ಹಿಂದೆ ಮೂವರು ಸವಾರ ಪೊಲೀಸರು. ಚೀಲದಲ್ಲಿರುವುದು ಯಾರದೆಂದು ಕೇಳುತ್ತಾರೆ. ಅಲೆಮಾರಿ ಅವರ ಕೈಗೆ ಸಿಗದೆ ನೀರಿಗೆ ಹಾರಿ ಪ್ರಾಣ ಬಿಡುತ್ತಾನೆ. ಆ ನೀರಿನ ಪಕ್ಕ ಹಾದುಹೋಗುವವರಿಗೆ ಅವನ ದೆವ್ವದ ದನಿ ಕೇಳಿಸುತ್ತದೆ.

ಜಂಬಕ್ ಅಂದರೇನು ಎಂದು ಬೋರ್ಡಿನ ಮೇಲೆ ಬರೆದು ಕೇಳಿದೆ. ನೀರು ಕುಡಿಯುತ್ತದೆ, ಹಾಗಾಗಿ ಪ್ರಾಣಿ. ಚೀಲ ಸೇರಿತು, ಹಾಗಾಗಿ ತಿನ್ನುವ ಪ್ರಾಣಿ. ಒಬ್ಬಳು ಮೊಲ ಅಂದಳು, ಚೀಲಕ್ಕೆ ಹಿಡಿಸುವುದು ಅದೇ ತಾನೆ? ಪಕ್ಕದವಳು ಒಪ್ಪಲಿಲ್ಲ. “ಒಂದು ಮೊಲಕ್ಕೆ ಮೂರು ಜನ ಪೊಲೀಸ್ ಬರ್ತಾರಾ?” ಎಂದಳು. ನನಗೆ ಬೇಕಾಗಿದ್ದದ್ದು ಈ ಪ್ರಶ್ನೆಯೇ. ಪೊಲೀಸರು ಬಂದರೆಂದರೆ ಅದಕ್ಕೊಬ್ಬ ಒಡೆಯನಿದ್ದಾನೆ, ಬೆಲೆಯಿದೆ. ಕಾಡುಪ್ರಾಣಿಗಳೆಲ್ಲ ಪಟ್ಟಿಯಿಂದ ಹೊರಗಾದವು. ಚಳ್ಳಕೆರೆ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗನೊಬ್ಬ ಅಲ್ಲಿವರೆಗೆ ಸುಮ್ಮನಿದ್ದವನು, “ಕುರಿ ಮೇಡಂ. ಗುಂಪು ಬಿಟ್ಟು ಒಂದೇ ನೀರಿಗೆ ಇಳಿದಿದೆ” ಎಂದ. ಅವರ ಮನೆಯಲ್ಲಿ ಕುರಿ ಮಂದೆಯಿದೆ. ಈಗ ನಿಘಂಟು ತೆಗೆಯಿರಿ ಅಂದೆ. ಕುರಿಯೇ.

ಅದೇ ಹುಡುಗ ಸ್ವ್ಯಾಗ್‌ಮನ್ನನ್ನೂ ಬಿಡಿಸಿದ. ಸ್ವ್ಯಾಗ್ ಅಂದರೆ ಗತ್ತು, ಸ್ಟೈಲು ಎಂದು ಉಳಿದವರೆಲ್ಲ ರೀಲ್ಸ್ ನೋಡಿ ಕಲಿತಿದ್ದರು. ಆದರೆ ಈ ಹಾಡಿನವನಿಗೆ ಮನೆಯಿಲ್ಲ, ದಾರಿಯಲ್ಲೇ ಮಲಗುತ್ತಾನೆ. ಅಂಥವನ ಬಳಿ ಇರುವುದೇನು? “ಕಂಬಳಿ” ಎಂದ ಹುಡುಗ. ಸ್ವ್ಯಾಗ್ ಅಂದರೆ ಆಸ್ಟ್ರೇಲಿಯಾದಲ್ಲಿ ಅದೇ. ಬಟ್ಟೆಬರೆಯನ್ನು ಕಂಬಳಿಯೊಳಗಿಟ್ಟು ಸುತ್ತಿ, ಹಗ್ಗ ಬಿಗಿದು, ಹೆಗಲಿಗೆ ಹಾಕಿಕೊಂಡ ಗಂಟು. ಅದನ್ನು ಹೊತ್ತು ಕೂಲಿ ಹುಡುಕಿಕೊಂಡು ಕುರಿ ಫಾರ್ಮಿನಿಂದ ಫಾರ್ಮಿಗೆ ನಡೆಯುವವನು ಸ್ವ್ಯಾಗ್‌ಮನ್. ಬಿಲ್ಲಿ ಅವನು ಚಹಾ ಕಾಯಿಸುವ ಹಿಡಿಕೆಯ ಡಬ್ಬಿ, ಟಕರ್ ಬ್ಯಾಗ್ ಬುತ್ತಿಚೀಲ.

ಬಿಲ್ಲಬಾಂಗ್, ಕೂಲಿಬಾ ಎರಡೂ ಅಲ್ಲಿನ ಮೂಲನಿವಾಸಿಗಳ ಭಾಷೆಗಳಿಂದ ಇಂಗ್ಲಿಷಿಗೆ ಬಂದವು. ಹೊಳೆ ತನ್ನ ದಾರಿ ಬದಲಿಸಿದಾಗ ಹಳೆಯ ತಿರುವಿನಲ್ಲಿ ನಿಂತುಬಿಡುವ ನೀರು ಬಿಲ್ಲಬಾಂಗ್. ಕೂಲಿಬಾ ನಮ್ಮ ನೀಲಗಿರಿಯ ಜಾತಿಯದೇ ಮರ ಎಂದಾಗ ತರಗತಿಯಲ್ಲಿ ತಕರಾರು ಎದ್ದಿತು. ನೆಡುತೋಪಿನ ನೀಲಗಿರಿಯನ್ನು ನೋಡುತ್ತ ಬೆಳೆದ ಮಕ್ಕಳು ಇವರು. “ನೀಲಗಿರಿ ಬುಡದಲ್ಲಿ ನೆರಳೆಲ್ಲಿ ಮೇಡಂ?” ನ್ಯಾಯವಾದ ಪ್ರಶ್ನೆ. ಪೇಪರಿನ ಕಾರ್ಖಾನೆಗೆಂದು ನೆಟ್ಟ ನೀಲಗಿರಿ ಕೋಲಿನಂತೆ ನೆಟ್ಟಗೆ ಬೆಳೆಯುತ್ತದೆ. ಕೂಲಿಬಾ ನೆರೆ ನೀರು ಹರಿಯುವ ಬಯಲಿನ ಮರ, ಕೊಂಬೆ ಹರಡಿಕೊಂಡು ನಿಲ್ಲುತ್ತದೆ. ಫೋಟೊ ತೋರಿಸಿದ ಮೇಲೆ ಒಪ್ಪಿದರು.

ಇನ್ನು ಹಾಡಿನ ಹೆಸರು. ವಾಲ್ಟ್ಸ್ ಒಂದು ಕುಣಿತ, ಮಟಿಲ್ಡಾ ಹೆಣ್ಣಿನ ಹೆಸರು ಎಂದು ಸಾಮಾನ್ಯ ನಿಘಂಟು ಹೇಳುತ್ತದೆ. ಎರಡನ್ನೂ ಕೂಡಿಸಿದರೆ ಯಾವುದೋ ಹುಡುಗಿ ಕುಣಿಯುತ್ತಿದ್ದಾಳೆ ಅನ್ನಿಸುತ್ತದೆ. ಆದರೆ ಹಾಡಿನಲ್ಲಿ ಎಲ್ಲೂ ಹೆಣ್ಣಿನ ಸುಳಿವಿಲ್ಲ. ಆಸ್ಟ್ರೇಲಿಯಾದ ದಾರಿಹೋಕರು ತಮ್ಮ ಹೆಗಲ ಮೇಲಿನ ಗಂಟಿಗೇ ಮಟಿಲ್ಡಾ ಎನ್ನುತ್ತಿದ್ದರು. ಕಸುಬು ಕಲಿತ ಜರ್ಮನ್ ಬಡಗಿ, ಗಾರೆಯವರು ಊರೂರು ತಿರುಗಿ ಕೆಲಸ ಮಾಡುವ ಹಳೆಯ ಪದ್ಧತಿಗೆ ‘ವಾಲ್ಟ್ಸ್’ ಎಂಬ ಹೆಸರಿತ್ತು. ಹಾಡಿನ ‘ವಾಲ್ಟ್ಸಿಂಗ್’ ಅಲ್ಲಿಂದಲೇ ಬಂದದ್ದೆಂದು ವಿವರಿಸುತ್ತಾರೆ. ಗಂಟು ಹೊತ್ತು ದಾರಿ ತುಳಿಯುವುದು, ಅಷ್ಟೆ.

ಎಲ್ಲಕ್ಕಿಂತ ಮೋಸದ ಪದ ಸ್ಕ್ವಾಟರ್. ಜಂಬಕ್ ಗೊತ್ತಿಲ್ಲ ಎಂಬುದು ನಮಗೆ ಗೊತ್ತಿರುತ್ತದೆ, ಹುಡುಕುತ್ತೇವೆ. ಸ್ಕ್ವಾಟರ್ ಗೊತ್ತಿದೆ ಅಂದುಕೊಂಡು ಮುಂದೆ ಹೋಗುತ್ತೇವೆ. ಇಂದಿನ ಇಂಗ್ಲಿಷಿನಲ್ಲಿ ಅದು ಬೇರೆಯವರ ಜಾಗದಲ್ಲಿ ಅನುಮತಿಯಿಲ್ಲದೆ ಕೂತವನು, ಸಾಮಾನ್ಯವಾಗಿ ಬಡವ. ಆ ಅರ್ಥ ಹಾಕಿಕೊಂಡರೆ ಒಬ್ಬ ಬಡವನ ಕುರಿಯನ್ನು ಇನ್ನೊಬ್ಬ ಬಡವ ಕದ್ದಂತಾಗುತ್ತದೆ. ಹಾಗಾದರೆ ಇವನಿಗೆ ಒಳ್ಳೆಯ ಕುದುರೆ ಎಲ್ಲಿಂದ ಬಂತು? ಮೂವರು ಪೊಲೀಸರು ಇವನ ಬೆನ್ನಿಗೆ ಯಾಕೆ ಬಂದರು? ಹಾಡೇ ಆ ಅರ್ಥವನ್ನು ಒಪ್ಪುತ್ತಿಲ್ಲ.

ನಡೆದದ್ದು ಹೀಗೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಸರ್ಕಾರ ಗುರುತಿಸಿದ ಗಡಿಯಾಚೆ ಹೋಗಿ, ಹಕ್ಕುಪತ್ರವಿಲ್ಲದೆ ಸಾವಿರಾರು ಎಕರೆಯಲ್ಲಿ ಕುರಿ ಮೇಯಿಸಲು ಕೂತವರು ಆಸ್ಟ್ರೇಲಿಯಾದ ಮೊದಲ ಸ್ಕ್ವಾಟರುಗಳು. 1836ರಲ್ಲಿ ನ್ಯೂ ಸೌತ್ ವೇಲ್ಸ್ ಸರ್ಕಾರ ವರ್ಷಕ್ಕೆ 10 ಪೌಂಡ್ ಲೈಸೆನ್ಸ್ ಶುಲ್ಕ ಕಟ್ಟಿಸಿಕೊಂಡು ಅವರನ್ನು ಒಪ್ಪಿಕೊಂಡಿತು. ಉಣ್ಣೆಯಿಂದ ಹಣ ಹರಿದು ಬಂತು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಅವರೇ ಅಲ್ಲಿನ ಜಮೀನ್ದಾರರಾಗಿದ್ದರು, ಹೆಸರು ಮಾತ್ರ ಹಳೆಯದೇ ಉಳಿದಿತ್ತು. “ಬಗರ್ ಹುಕುಂ ಮಾಡಿದೋರೇ ಧಣಿಗಳಾದ್ರು ಅಂತಲಾ ಮೇಡಂ?” ಎಂದು ಹೊಸನಗರ ಕಡೆಯ ಹುಡುಗನೊಬ್ಬ ಕೇಳಿದ. ನಮ್ಮಲ್ಲಿ ಬಗರ್ ಹುಕುಂ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುವವರು ಸಣ್ಣ ರೈತರು, ಅಲ್ಲಿ ಕೂತವರು ದೊಡ್ಡ ಕುಳಗಳು. ಆ ವ್ಯತ್ಯಾಸ ಹೇಳಿ, ಉಳಿದದ್ದೆಲ್ಲ ಸರಿ ಅಂದೆ.

ಹಾಡು ಬರೆದದ್ದು ಸಿಡ್ನಿಯ ವಕೀಲ ಮತ್ತು ಕವಿ ಆಂಡ್ರೂ ಬಾರ್ಟನ್ ಪ್ಯಾಟರ್ಸನ್, 1895ರಲ್ಲಿ. ‘ಬ್ಯಾಂಜೊ’ ಅವನ ಕಾವ್ಯನಾಮ, ಆಸ್ಟ್ರೇಲಿಯಾದ 10 ಡಾಲರ್ ನೋಟಿನ ಮೇಲೆ ಅವನ ಚಿತ್ರವಿದೆ. ಬರೆದ ಜಾಗ ಕ್ವೀನ್ಸ್‌ಲ್ಯಾಂಡಿನ ವಿಂಟನ್ ಊರಿನ ಆಚೆಗಿನ ಡ್ಯಾಗ್‌ವರ್ತ್ ಎಂಬ ದೊಡ್ಡ ಕುರಿ ಫಾರ್ಮು. ಅದರ ಒಡೆಯರಾದ ಮ್ಯಾಕ್‌ಫರ್ಸನ್ ಕುಟುಂಬಕ್ಕೆ ಅವನು ಅತಿಥಿಯಾಗಿ ಬಂದಿದ್ದ. ಆ ಮನೆಯ ಕ್ರಿಸ್ಟೀನಾ ತಾನು ಕುದುರೆ ರೇಸಿನಲ್ಲಿ ಬ್ಯಾಂಡಿನವರಿಂದ ಕೇಳಿದ್ದ ಒಂದು ಸ್ಕಾಟಿಷ್ ಧಾಟಿಯನ್ನು ನುಡಿಸಿದಳು, ಅದಕ್ಕೆ ಇವನು ಮಾತು ಕಟ್ಟಿದ. ಹಿಂದಿನ ವರ್ಷವಷ್ಟೇ, ಅಂದರೆ 1894ರಲ್ಲಿ, ಉಣ್ಣೆ ಕತ್ತರಿಸುವ ಕೂಲಿಗಳ ದೊಡ್ಡ ಮುಷ್ಕರ ನಡೆದಿತ್ತು. ಸೆಪ್ಟೆಂಬರಿನಲ್ಲಿ ಡ್ಯಾಗ್‌ವರ್ತಿನ ಉಣ್ಣೆ ಕೊಟ್ಟಿಗೆಗೇ ಬೆಂಕಿ ಬಿದ್ದಿತ್ತು. ಅದಾದ ಕೂಡಲೇ ಸ್ಯಾಮುಯೆಲ್ ಹಾಫ್‌ಮೈಸ್ಟರ್ ಎಂಬ ಮುಷ್ಕರದವನ ಹೆಣ ಹತ್ತಿರದ ಒಂದು ಬಿಲ್ಲಬಾಂಗಿನ ಬಳಿ ಸಿಕ್ಕಿತು. ಹಾಡಿನ ಅಲೆಮಾರಿ ಅವನೇ ಹೌದೋ ಅಲ್ಲವೋ ಎಂದು ಆಸ್ಟ್ರೇಲಿಯಾದ ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಕಾಗೋಡು ಸತ್ಯಾಗ್ರಹದ ತಾಲ್ಲೂಕಿನ ಮಕ್ಕಳಿಗೆ ಧಣಿ, ಕೂಲಿ, ಪೊಲೀಸು ಮೂವರೂ ಒಂದೇ ಚಿತ್ರದಲ್ಲಿ ಬಂದರೆ ಏನರ್ಥ ಎಂದು ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಚಳ್ಳಕೆರೆಯ ಹುಡುಗ ಮಾತ್ರ ಪಟ್ಟು ಬಿಡಲಿಲ್ಲ. “ಕುರಿ ಕಳಕೊಂಡೋನ ಸಂಕಟ ನಿಮಗೆ ಗೊತ್ತಿಲ್ಲ” ಎಂದ. ಅದೂ ನಿಜವೇ.

ಅರ್ಥ ಹುಡುಕುವುದಕ್ಕೆ ಸರಿಯಾದ ನಿಘಂಟು ಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ. ಇಂಗ್ಲಿಷ್ ಒಂದೇ ಊರಿನ ಭಾಷೆಯಲ್ಲ. ಆಸ್ಟ್ರೇಲಿಯಾದವರಿಗೆ 1981ರಿಂದ ತಮ್ಮದೇ ಮ್ಯಾಕ್ವಾರಿ ನಿಘಂಟಿದೆ, ಸ್ಕಾಟ್ಸ್ ಮಾತಿಗೆ ಬೇರೆ ನಿಘಂಟಿದೆ. ಹೊಸ ವರ್ಷದ ರಾತ್ರಿ ಜಗತ್ತೆಲ್ಲ ಹಾಡುವ ರಾಬರ್ಟ್ ಬರ್ನ್ಸ್‌ನ ‘ಆಲ್ಡ್ ಲ್ಯಾಂಗ್ ಸೈನ್’ ತಿಳಿಯಬೇಕಾದರೆ ಆ ಎರಡನೆಯದನ್ನೇ ತೆರೆಯಬೇಕು. ದೊಡ್ಡ ನಿಘಂಟುಗಳಲ್ಲಿ ಪದದ ಪಕ್ಕ ಪ್ರದೇಶದ ಹೆಸರನ್ನೂ ಕಾಲವನ್ನೂ ಸಣ್ಣ ಅಕ್ಷರದಲ್ಲಿ ಕೊಟ್ಟಿರುತ್ತಾರೆ. ಮಕ್ಕಳು ಅದನ್ನು ಹಾರಿಸಿ ಅರ್ಥಕ್ಕೆ ಧಾವಿಸುತ್ತಾರೆ. ಹಾಡಿಗೆ ಬೇಕಾದದ್ದು ಆ ಸಣ್ಣ ಅಕ್ಷರವೇ.

ಕೆಲವೊಮ್ಮೆ ಇಂಗ್ಲಿಷ್ ನಿಘಂಟನ್ನೇ ಮುಚ್ಚಿಡಬೇಕಾಗುತ್ತದೆ. ಈಗಲ್ಸ್ ತಂಡದ 1976ರ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಬೆಂಗಳೂರಿನಲ್ಲಿ ಗಿಟಾರ್ ಹಿಡಿದವರಿಗೆಲ್ಲ ಬಾಯಿಪಾಠ. ಅದರ ಆರಂಭದಲ್ಲೇ ಮರುಭೂಮಿಯ ಗಾಳಿಯಲ್ಲಿ ತೇಲಿ ಬರುವ ‘ಕೊಲಿಟಾಸ್’ ವಾಸನೆಯನ್ನು ಎಷ್ಟು ಜನ ವಿಚಾರಿಸಿದ್ದಾರೆ? ಅದು ಸ್ಪ್ಯಾನಿಷ್, ‘ಪುಟ್ಟ ಬಾಲಗಳು’ ಎಂದರ್ಥ. ಆಡುಮಾತಿನಲ್ಲಿ ಗಾಂಜಾ ಗಿಡದ ಮೊಗ್ಗು. ಕ್ಯಾಲಿಫೋರ್ನಿಯಾ 1848ರವರೆಗೆ ಮೆಕ್ಸಿಕೋದ ಭಾಗವಾಗಿತ್ತು, ಅಲ್ಲಿನ ನೆಲದಲ್ಲೂ ಮಾತಿನಲ್ಲೂ ಸ್ಪ್ಯಾನಿಷ್ ಇನ್ನೂ ಇದೆ. ಅದೇ ಹಾಡಿನ ‘ಮಿಷನ್ ಬೆಲ್’ ಕೂಡ ಸ್ಪೇನಿನ ಪಾದ್ರಿಗಳು ಆ ಕರಾವಳಿಯುದ್ದಕ್ಕೂ ಕಟ್ಟಿಸಿದ ಹಳೆಯ ಇಗರ್ಜಿಗಳ ಗಂಟೆಯನ್ನು ನೆನಪಿಗೆ ತರುತ್ತದೆ. ಮಿಷನ್ನೂ ಗೊತ್ತು ಬೆಲ್ಲೂ ಗೊತ್ತು ಅನ್ನುವವರಿಗೆ ಈ ಚಿತ್ರ ತಪ್ಪಿಹೋಗುತ್ತದೆ.

ನಮಗೇ ಮೊದಲು ತಿಳಿಯುವ ಪದಗಳೂ ಇವೆ. ಕ್ವೀನ್ ತಂಡದ 1975ರ ‘ಬೊಹೀಮಿಯನ್ ರ‍್ಯಾಪ್ಸಡಿ’ಯಲ್ಲಿ ಸ್ಕರಮೂಶ್ ಇಟಲಿಯ ಹಳೆಯ ನಾಟಕದ ವಿದೂಷಕ, ಫಂಡ್ಯಾಂಗೊ ಸ್ಪೇನಿನ ಕುಣಿತ, ಇವೆರಡಕ್ಕೂ ನನ್ನ ಮಕ್ಕಳು ಪುಟ ತಿರುಗಿಸಬೇಕಾಯಿತು. ಬಿಸ್ಮಿಲ್ಲಾ ಬಂದಾಗ ಮಾತ್ರ ಇಡೀ ತರಗತಿ ತಲೆ ಎತ್ತಿತು. ಹಾಡು ಬರೆದ ಫ್ರೆಡ್ಡಿ ಮರ್ಕ್ಯುರಿ ಜಾಂಜಿಬಾರಿನಲ್ಲಿ ಹುಟ್ಟಿದ ಪಾರ್ಸಿ, ಮಹಾರಾಷ್ಟ್ರದ ಪಂಚಗಣಿಯಲ್ಲಿ ಓದಿದವನು ಎಂದು ಹೇಳಿದಾಗ ಅವರಿಗಾದ ಸಂತೋಷ ನನಗೂ ಆಯಿತು.

ಅರ್ಥ ಕೇಳಬಾರದ ಪದಗಳೂ ಹಾಡಿನಲ್ಲಿರುತ್ತವೆ. ಇಂಗ್ಲಿಷ್ ಜಾನಪದ ಗೀತೆಗಳ ಪಲ್ಲವಿಯಲ್ಲಿ ‘ಫಾಲ್ ಡಿ ರಾಲ್’ ಥರದ ಸದ್ದುಗಳು ಬರುತ್ತವೆ. ನಮ್ಮ ಕುಟ್ಟುವ ಪದದ ‘ಸುವ್ವಿ’ಯನ್ನು, ‘ತಂದಾನ’ವನ್ನು ಯಾರೂ ಬಿಡಿಸಿ ನೋಡುವುದಿಲ್ಲವಲ್ಲ, ಹಾಗೆ. ಪ್ರತಿ ಚರಣದಲ್ಲೂ ಅದೇ ಜಾಗಕ್ಕೆ ಮರಳಿ ಬಂದು, ಯಾವ ಕ್ರಿಯಾಪದಕ್ಕೂ ಅಂಟಿಕೊಳ್ಳದಿದ್ದರೆ ಅದು ತಾಳಕ್ಕೆಂದು ಬಂದ ಪದ.

ಇಷ್ಟೆಲ್ಲ ಮಾಡುವ ಮೊದಲು ಪದ ಸರಿಯಾಗಿ ಕೇಳಿಸಿರಬೇಕು. ಅಮೆರಿಕದ ಲೇಖಕಿ ಸಿಲ್ವಿಯಾ ರೈಟ್ ಚಿಕ್ಕವಳಿದ್ದಾಗ ಅವಳ ತಾಯಿ ಒಂದು ಸ್ಕಾಟಿಷ್ ಲಾವಣಿ ಓದುತ್ತಿದ್ದಳು. ಕೊಲೆಯಾದ ಸಾಮಂತನನ್ನು ಹುಲ್ಲಿನ ಮೇಲೆ ಮಲಗಿಸಿದರು ಎಂಬ ಮಾತು ಮಗುವಿನ ಕಿವಿಗೆ ಬೇರೆಯಾಗಿ ಬಿತ್ತು: ಅವನ ಜೊತೆ ‘ಲೇಡಿ ಮಾಂಡೆಗ್ರೀನ್’ ಎಂಬವಳೂ ಸತ್ತಳು ಎಂದು. 1954ರಲ್ಲಿ ಅವಳು ಈ ಬಗ್ಗೆ ಪ್ರಬಂಧ ಬರೆದ ಮೇಲೆ ಹಾಡಿನ ತಪ್ಪು ಕೇಳಿಕೆಗೆಲ್ಲ ಇಂಗ್ಲಿಷಿನಲ್ಲಿ ಮಾಂಡೆಗ್ರೀನ್ ಎಂಬ ಹೆಸರೇ ನಿಂತಿತು. ಆದ್ದರಿಂದ ಅಚ್ಚಾದ ಪಾಠವನ್ನು ಕಣ್ಣಾರೆ ನೋಡಬೇಕು. ಯಾವ ಅಚ್ಚು ಎಂಬುದನ್ನೂ ನೋಡಬೇಕು.

‘ವಾಲ್ಟ್ಸಿಂಗ್ ಮಟಿಲ್ಡಾ’ಕ್ಕೆ ಎರಡು ಪಾಠಗಳಿವೆ. ಜಗತ್ತು ಹಾಡುವುದು ಪ್ಯಾಟರ್ಸನ್ ಬರೆದದ್ದನ್ನಲ್ಲ. 1903ರಲ್ಲಿ ಸಿಡ್ನಿಯ ಇಂಗ್ಲಿಸ್ ಎಂಬ ಚಹಾ ಕಂಪನಿ ತನ್ನ ‘ಬಿಲ್ಲಿ ಟೀ’ ಜಾಹೀರಾತಿಗೆ ಈ ಹಾಡನ್ನು ತೆಗೆದುಕೊಂಡಿತು. ಕಂಪನಿಯ ಮ್ಯಾನೇಜರನ ಹೆಂಡತಿ ಮೇರಿ ಕೋವನ್ ಧಾಟಿಯನ್ನೂ ಮಾತನ್ನೂ ತಿದ್ದಿದಳು. ಅಲೆಮಾರಿಯ ಹಿಂದೆ ‘ಜಾಲಿ’ ಎಂಬ ಪದ ಬಂದು ಕೂತದ್ದು ಆಗ. ಎರಡೂ ಪಾಠಗಳನ್ನು ಜೆರಾಕ್ಸ್ ಮಾಡಿಸಿ ಕೊಟ್ಟು, ವ್ಯತ್ಯಾಸಗಳಿಗೆ ಗೆರೆ ಎಳೆಯಿರಿ ಅಂದಿದ್ದೆ. ಜಾಲಿ ನಮ್ಮ ಮಕ್ಕಳು ದಿನವೂ ಆಡುವ ಮಾತು, ಮೊದಲ ದಿನ ಯಾರೂ ಅದರ ಬಗ್ಗೆ ಕೇಳಿರಲಿಲ್ಲ. ಮೊಲ ಎಂದಿದ್ದ ಹುಡುಗಿ ಅದರಡಿ ಎರಡು ಗೆರೆ ಎಳೆದು ತಂದಳು. “ಟೀ ಮಾರೋರಿಗೆ ನಗ್ತಾ ಕೂತೋನೇ ಬೇಕಲ್ವಾ ಮೇಡಂ. ಮೊದಲು ಬರೆದೋರು ಅವನನ್ನ ಜಾಲಿ ಅಂತ ಎಲ್ಲೂ ಕರೆದೇ ಇಲ್ಲ.”