ಶೇಂಗಾ ಸುಗ್ಗಿಯಲ್ಲಿ ನಮ್ಮ ಪಡಸಾಲೆಯೇ ಕೂಸಿನ ಮನೆ

ನಮ್ಮ ಗುಡೇಕೋಟೆ ಕಡೆಯದು ಕಲ್ಲುಗುಡ್ಡದ ಸೀಮೆ. ಕೆಂಪು ಮಸಾರಿ ನೆಲ. ಮಳೆ ಬಂದರೆ ಶೇಂಗಾ, ಜೋಳ, ಸಜ್ಜೆ. ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ ದುಡಿಯಲು ಬೇರೆ ಊರಿಗೆ. ಶೇಂಗಾ ಕೀಳುವ ಹದಿನೈದು ಇಪ್ಪತ್ತು ದಿನ ಊರಿನ ಹೆಂಗಸರೆಲ್ಲ ಹೊಲದಲ್ಲೇ ಇರುತ್ತಾರೆ. ಕೂಸುಗಳು ಎಲ್ಲಿರಬೇಕು? ಬೇವಿನ ಮರಕ್ಕೆ ಸೀರೆ ಜೋಲಿ ಕಟ್ಟಿ ಮಲಗಿಸುತ್ತಾರೆ. ನಡೆಯುವ ಮಗುವಾದರೆ ಕಾಯಲು ಅಕ್ಕ ಒಬ್ಬಳು ಇರುತ್ತಾಳೆ. ಆ ಅಕ್ಕನಿಗೆ ಆರೋ ಏಳೋ ವರ್ಷ. ಅವಳು ಶಾಲೆಗೆ ಚಕ್ಕರ್.

2019ರ ಅಕ್ಟೋಬರಿನಲ್ಲಿ ನಮ್ಮ ಹೊಲದಲ್ಲಿ ನಡೆದದ್ದನ್ನು ಬರೆಯಲೇಬೇಕು. ತಪ್ಪು ನನ್ನದೇ. ಕೃಷಿ ಹೊಂಡ ತೆಗೆಸಿ ಪ್ಲಾಸ್ಟಿಕ್ ಹಾಳೆ ಹಾಸಿದ್ದೆ. ಸುತ್ತ ಬೇಲಿ ಹಾಕಿಸುವುದನ್ನು ನಾಳೆ, ನಾಡಿದ್ದು ಅಂತ ಮುಂದಕ್ಕೆ ಹಾಕುತ್ತಾ ಬಂದಿದ್ದೆ. ಅವತ್ತು ಹನ್ನೊಂದು ಹೆಂಗಸರು ಕೀಳಲು ಬಂದಿದ್ದರು. ಎರಡು ವರ್ಷದ ಹುಡುಗನೊಬ್ಬ ಮರದ ಕೆಳಗಿನಿಂದ ಎದ್ದು ಹೋಗಿದ್ದಾನೆ. ಕಾಯುತ್ತಿದ್ದ ಅಕ್ಕ ಶೇಂಗಾ ಸುಡಲು ಕಡ್ಡಿ ಆರಿಸುತ್ತಿದ್ದಳು. "ಯಣ್ಣಾ, ತಮ್ಮ ನೀರಾಗ!" ಅಂತ ಚೀರಿದಾಗ ಓಡಿ ಹೋಗಿ ಹಾರಿದೆ. ಮಗು ಕೈಗೆ ಸಿಕ್ಕಿತು. ಆದರೆ ಮೇಲೆ ಬರಲು ಆಗಲಿಲ್ಲ. ಹಾಳೆ ಪಾಚಿ ಕಟ್ಟಿ ಜಾರುತ್ತದೆ, ಕಾಲು ಊರಲು ಒಂದು ಕಲ್ಲಿಲ್ಲ. ಹೆಂಗಸರು ಎರಡು ಸೀರೆ ಗಂಟು ಹಾಕಿ ಎಸೆದು ನಮ್ಮಿಬ್ಬರನ್ನೂ ಎಳೆದರು. ಹುಡುಗ ನೀರು ಕಕ್ಕಿ ಅತ್ತ. ಆ ಅಳು ಕೇಳಿದ ಮೇಲೆಯೇ ನಮಗೆಲ್ಲ ಉಸಿರು ಬಂದದ್ದು. ಆಸ್ಪತ್ರೆಗೆ ಒಯ್ದು ಒಂದು ರಾತ್ರಿ ಇಟ್ಟುಕೊಂಡು ಬಂದೆವು.

ಮರುದಿನ ಹುಡುಗನ ತಾಯಿ ಕೂಲಿಗೆ ಬರಲಿಲ್ಲ. ಅಕ್ಕನಿಗೆ ಮನೆಯಲ್ಲಿ ಏಟು ಬಿತ್ತಂತೆ. ಆರು ವರ್ಷದ ಕೂಸಿಗೆ ಏಟು, ಬೇಲಿ ಹಾಕದ ನನಗೆ ಯಾರೂ ಒಂದು ಮಾತು ಅನ್ನಲಿಲ್ಲ. ನಮ್ಮ ಮನೆಯಾಕೆ ಮಾತ್ರ ರಾತ್ರಿ ಉಣ್ಣುವಾಗ ಅಂದಳು: "ನಾಳಿಂದ ನಾ ಹೊಲಕ್ಕ ಬರಂಗಿಲ್ಲ. ಕೂಸುಗಳನ್ನ ಇಲ್ಲೇ ಬಿಟ್ಟು ಹೋಗ್ರಿ ಅಂತೀನಿ."

ಹೀಗೆ ಶುರುವಾಯಿತು. ಮೊದಲ ವರ್ಷ ಆರು ಮಕ್ಕಳು. ಆಕೆಯ ಜೊತೆಗೆ ನಮ್ಮಲ್ಲೇ ಇರುವ ನನ್ನ ತಂಗಿ. ಇದನ್ನು ಓದಿ ಯಾರಾದರೂ ಮಾಡುವುದಾದರೆ ಮೊದಲು ಮನೆಯನ್ನು ಕೂಸಿನ ಕಣ್ಣಿನಿಂದ ನೋಡಬೇಕು. ಅಂದರೆ ನೆಲದ ಮೇಲೆ ಅಂಬೆಗಾಲಿಟ್ಟು ನೋಡಬೇಕು. ನಾನು ನಿಜವಾಗಿ ಹಾಗೆ ನೋಡಿದೆ, ಮನೆಯಾಕೆ ನಕ್ಕಳು. ಮೂಲೆಯಲ್ಲಿ ಎಣ್ಣೆ ಔಷಧಿ ಡಬ್ಬಿ ಇತ್ತು. ಮಂಚದ ಕೆಳಗೆ ಔಷಧಿ ಸವರಿದ ಬಿತ್ತನೆ ಶೇಂಗಾ ಉಳಿದಿತ್ತು. ಬೀಜೋಪಚಾರ ಮಾಡಿದ ಕಾಳು ಬಣ್ಣಬಣ್ಣವಾಗಿ ಮಿಠಾಯಿ ಹಾಗೆ ಕಾಣುತ್ತದೆ, ಮಕ್ಕಳು ಬಾಯಿಗೇ ಹಾಕುವುದು. ಇವೆರಡನ್ನೂ ದನದ ಕೊಟ್ಟಿಗೆಯ ಆಚೆ, ಬೀಗ ಹಾಕುವ ಪೆಟ್ಟಿಗೆಗೆ ಸಾಗಿಸಿದೆ. ನೀರಿನ ತೊಟ್ಟಿಗೆ ಮುಚ್ಚಳ ಮಾಡಿಸಿದೆ. ಮಗು ಮುಳುಗಲು ಒಂದು ಬಕೆಟ್ ನೀರು ಸಾಕು. ಅಂಗಳದ ಕಲ್ಲುಗಳನ್ನು ಎತ್ತಿ ಹಾಕಿದೆವು, ನಮ್ಮ ಕಡೆ ಕಲ್ಲಿನ ಕೆಳಗೆ ಚೇಳು ಇದ್ದೇ ಇರುತ್ತದೆ. ಪಡಸಾಲೆ ಬಾಗಿಲಿಗೆ ಸೊಂಟದ ಎತ್ತರದ ತಡಿಕೆ ಕಟ್ಟಿದೆ. ಖರ್ಚು ಮುನ್ನೂರು ರೂಪಾಯಿ ದಾಟಲಿಲ್ಲ.

ಹೊಂಡಕ್ಕೆ ಬೇಲಿ ಆಯಿತು ಅಂತ ಬೇರೆ ಹೇಳಬೇಕಿಲ್ಲ. ಅದರ ಜೊತೆಗೆ ನಾಲ್ಕೂ ಮೂಲೆಗೆ ಗಂಟು ಗಂಟಾಗಿ ಕಟ್ಟಿದ ಹಗ್ಗವನ್ನು ಗೂಟಕ್ಕೆ ಬಿಗಿದು ನೀರಿನೊಳಗೆ ಇಳಿಬಿಟ್ಟಿದ್ದೇನೆ. ಬಿದ್ದವರು ಹಿಡಿದು ಹತ್ತಬಹುದು. ಹಳೆ ಟ್ಯೂಬೊಂದು ಸದಾ ನೀರ ಮೇಲೆ ತೇಲುತ್ತಿರುತ್ತದೆ. ಹೊಂಡ ಇರುವ ಪ್ರತಿಯೊಬ್ಬರೂ ಇದನ್ನು ಇವತ್ತೇ ಮಾಡಿ.

ಉಣ್ಣಿಸುವ ವಿಷಯ. ಬೆಳಿಗ್ಗೆ ರಾಗಿ ಗಂಜಿ, ಮಧ್ಯಾಹ್ನ ಮೆತ್ತಗೆ ಬೆಂದ ಅನ್ನ ಬೇಳೆ, ಸಂಜೆ ಶೇಂಗಾ ಪುಡಿಗೆ ಬೆಲ್ಲ. ಇಡೀ ಶೇಂಗಾ ಕಾಳು ಸಣ್ಣ ಮಕ್ಕಳ ಕೈಗೆ ಸಿಗಬಾರದು. ಗಂಟಲಿಗೆ, ಉಸಿರಿನ ಕೊಳವೆಗೆ ಸಿಕ್ಕಿಕೊಳ್ಳುತ್ತದೆ. ಶೇಂಗಾ ಸೀಮೆಯಲ್ಲಿ ಇದು ಎಲ್ಲರಿಗೂ ಗೊತ್ತಿರಬೇಕು. ಕೂಸಿಗೆ ಉಸಿರು ಕಟ್ಟಿದರೆ ಬಾಯೊಳಗೆ ಕುರುಡಾಗಿ ಬೆರಳು ಹಾಕಬಾರದು. ಒಂದು ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ತಲೆ ಕೆಳಗಾಗಿ ಬೋರಲು ಮಲಗಿಸಿ, ಬೆನ್ನಿನ ನಡುವೆ ಅಂಗೈಯಿಂದ ಐದು ಸಲ ಬಡಿಯಬೇಕು. ಒಬ್ಬರು 108ಕ್ಕೆ ಫೋನ್ ಮಾಡಬೇಕು. ಬೂಸಲು ಹಿಡಿದ ಶೇಂಗಾವನ್ನಂತೂ ಪುಡಿ ಮಾಡಿಯೂ ಕೊಡಬೇಡಿ, ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುತ್ತದೆ. ಭೇದಿ ಆದರೆ ಓಆರ್‌ಎಸ್. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಸಮ ಚಮಚ, ಗುಡ್ಡೆ ಮಾಡಬಾರದು.

ಎಷ್ಟು ಮಕ್ಕಳು ತೆಗೆದುಕೊಳ್ಳಬಹುದು? ಕೇಂದ್ರ ಸರ್ಕಾರ 2018ರಲ್ಲಿ ಶಿಶುಪಾಲನಾ ಕೇಂದ್ರಗಳಿಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಜೊತೆಗೊಬ್ಬ ಸಹಾಯಕಿ ಎಂದಿದೆ. ಇಂಗ್ಲೆಂಡಿನಲ್ಲಿ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವರು ಸರ್ಕಾರದಲ್ಲಿ ನೋಂದಣಿ ಮಾಡಿಸಬೇಕು. ಅಲ್ಲಿ ಒಬ್ಬರಿಗೆ ಎಂಟು ವರ್ಷದೊಳಗಿನ ಆರೇ ಮಕ್ಕಳು. ಅದರಲ್ಲಿ ತೀರಾ ಚಿಕ್ಕವರು ಮೂರಕ್ಕಿಂತ ಹೆಚ್ಚು ಇರುವಂತಿಲ್ಲ. ನಮ್ಮಲ್ಲಿ ಇಬ್ಬರಿಗೆ ಎಂಟು ಅಂತ ಮಾಡಿಕೊಂಡಿದ್ದೇವೆ. ಒಂಬತ್ತನೆಯದು ಬಂದರೆ ಕೈ ಮುಗಿದು ಕಳಿಸುವುದು ಕಷ್ಟ. ಆದರೂ ಕಳಿಸುತ್ತೇವೆ.

ದುಡ್ಡಿನ ಲೆಕ್ಕವನ್ನೂ ಮುಚ್ಚಿಡುವುದಿಲ್ಲ. 2023ರಲ್ಲಿ ಕಳೆ, ಕೀಳುವುದು, ಬಿಡಿಸುವುದು ಎಲ್ಲಾ ಸೇರಿ 41 ದಿನ ನಡೆಸಿದೆವು. ಸರಾಸರಿ ಏಳು ಮಕ್ಕಳು. ಒಂದು ಮಗುವಿಗೆ ದಿನಕ್ಕೆ ತಾಯಿಯಿಂದ 30 ರೂಪಾಯಿ, ಹೊಲದ ಯಜಮಾನನಿಂದ 20. ಒಟ್ಟು 14,350. ಊಟ, ಸೋಪು, ಅರಿವೆಗೆ ದಿನಕ್ಕೆ ನೂರರಂತೆ 4,100 ಕಳೆದರೆ 10,250 ಉಳಿಯಿತು. ಇಬ್ಬರು ಹೆಂಗಸರಿಗೆ ಹಂಚಿದರೆ ತಲಾ ದಿನಕ್ಕೆ 125. ಶೇಂಗಾ ಕಿತ್ತಿದ್ದರೆ ಇದರ ಎರಡರಷ್ಟು ಸಿಗುತ್ತಿತ್ತು. ಹೊಲದ ಯಜಮಾನರಿಂದ 20 ರೂಪಾಯಿ ವಸೂಲು ಮಾಡುವುದು ಮತ್ತೊಂದು ಕಥೆ. "ಕೂಸು ಅವರದು, ನಾ ಯಾಕ ಕೊಡ್ಲಿ?" ಅಂತಾರೆ. ಆದರೆ ಆಳು ಸಿಗದೆ ಶೇಂಗಾ ನೆಲದಲ್ಲೇ ಮೊಳೆತಾಗ ಆಗುವ ನಷ್ಟ ಅವರಿಗೂ ಗೊತ್ತು. ನಮ್ಮ ಹೊಲಕ್ಕೆ ಈಗ ಆಳು ಕರೆಯಲು ತಿರುಗಬೇಕಿಲ್ಲ, ಅವರೇ ಬರುತ್ತಾರೆ. ನನ್ನ ಲಾಭ ಅದು.

ಸರ್ಕಾರವೂ ಇದನ್ನು ಯೋಚಿಸಿದೆ. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲೇ, ಕೆಲಸದ ಜಾಗಕ್ಕೆ ಐದು ಅಥವಾ ಹೆಚ್ಚು ಸಣ್ಣ ಮಕ್ಕಳು ಬಂದರೆ ಒಬ್ಬ ಹೆಂಗಸನ್ನು ನೋಡಿಕೊಳ್ಳಲು ಬಿಟ್ಟು ಕೂಲಿ ಕೊಡಬೇಕು ಎಂದು ಬರೆದಿತ್ತು. ಹಾಳೆಯ ಮೇಲೆ ಇತ್ತು ಅನ್ನಿ. ಆಮೇಲೆ 2023ರ ಬಜೆಟ್ಟಿನಲ್ಲಿ ನಮ್ಮ ರಾಜ್ಯ ಸರ್ಕಾರ ನಾಲ್ಕು ಸಾವಿರ ಗ್ರಾಮ ಪಂಚಾಯ್ತಿಗಳಲ್ಲಿ ಕೂಸಿನ ಮನೆ ಘೋಷಿಸಿತು. ಅಂಗನವಾಡಿಗೆ ಹೋಗುವ ವಯಸ್ಸಾಗದ ಕೂಸುಗಳಿಗೆ ಇದು. ಊರಿನ ಜಾಬ್ ಕಾರ್ಡ್ ಇರುವ ಹೆಂಗಸರಿಗೇ ತರಬೇತಿ ಕೊಟ್ಟು ಆರೈಕೆದಾರರನ್ನಾಗಿ ಮಾಡಿದರು. ಹೆಸರು ಚೆಂದ, ಕೆಲಸವೂ ಒಳ್ಳೆಯದು. ಪಕ್ಕದ ಪಂಚಾಯ್ತಿಯೊಂದರಲ್ಲಿ ನಮ್ಮ ಸೊಸೆಯೊಂದಿಗೆ ಹೋಗಿ ನೋಡಿ ಬಂದೆ. ತೊಟ್ಟಿಲು, ಆಟದ ಸಾಮಾನು, ಗೋಡೆಗೆ ಚಿತ್ರ ಎಲ್ಲಾ ಇತ್ತು. ಅಲ್ಲಿನ ಆಕೆ ಹೇಳಿದ ಒಂದು ಮಾತು ಮನಸ್ಸಿನಲ್ಲಿ ಉಳಿಯಿತು. ಜಾಬ್ ಕಾರ್ಡಿಗೆ ಆಗ ವರ್ಷಕ್ಕೆ ನೂರು ದಿನದ ಲೆಕ್ಕ ಇತ್ತು. ನೂರು ಮುಗಿದ ಮೇಲೆ ಬೇರೆ ಹೆಂಗಸು ಬರಬೇಕಿತ್ತು. "ಕೂಸು ನನ್ನ ಗುರ್ತು ಹಿಡಿಯೋ ಹೊತ್ತಿಗೆ ನಾ ಮನೆಗೆ ಹೋಗಬೇಕಣ್ಣ" ಅಂದಳು. ಇನ್ನೊಂದು ಹೊತ್ತಿನ ತೊಡಕು. ನಮ್ಮ ಕಡೆ ಶೇಂಗಾ ಕೂಲಿ ಬೆಳಿಗ್ಗೆ ಏಳಕ್ಕೇ ಶುರು, ಕಚೇರಿ ಹೊತ್ತಿಗಲ್ಲ.

ನಮ್ಮದಕ್ಕೆ ಪರವಾನಗಿ ಅಂತ ಕಾಗದ ಇಲ್ಲ. ಆದರೂ ನಾನು ಎರಡು ಕೆಲಸ ಮಾಡಿದೆ. ಪಂಚಾಯ್ತಿಗೆ ಒಂದು ಅರ್ಜಿ ಬರೆದು, ಯಾರ ಮನೆಯಲ್ಲಿ, ಎಷ್ಟು ಮಕ್ಕಳು, ಯಾರು ನೋಡಿಕೊಳ್ಳುವುದು ಎಂದು ತಿಳಿಸಿ ಸ್ವೀಕೃತಿ ಪಡೆದೆ. ಆಶಾ ಕಾರ್ಯಕರ್ತೆಗೆ ಹೇಳಿ ಮಕ್ಕಳ ಚುಚ್ಚುಮದ್ದಿನ ಕಾರ್ಡು ನೋಡಿಸಿದೆ. ಒಂದು ನೋಟ್‌ಬುಕ್ಕಿನಲ್ಲಿ ಮಗುವಿನ ಹೆಸರು, ತಾಯಿಯ ಫೋನು, ಬಿಟ್ಟ ಹೊತ್ತು, ಒಯ್ದ ಹೊತ್ತು ಬರೆಯುತ್ತೇವೆ. ತಾಯಿ ಹೇಳದ ಹೊರತು ಸ್ವಂತ ಮಾವ ಬಂದರೂ ಮಗು ಕೊಡುವುದಿಲ್ಲ. ಒಬ್ಬರು ಇದಕ್ಕೆ ಜಗಳವಾಡಿ ಹೋದರು, ಆಮೇಲೆ ಸರಿಹೋಯಿತು. ಕತ್ತಲಾಗುವ ಮುಂಚೆ ಒಯ್ಯಬೇಕು ಅಂತಲೂ ಕಟ್ಟು ಮಾಡಿದ್ದೇವೆ. 2013ರಲ್ಲಿ ನಮ್ಮ ಗುಡ್ಡ ಕರಡಿಧಾಮವಾಗಿದೆ. ಸಂಜೆಯಾದರೆ ಕರಡಿ ಹೊಲಕ್ಕೆ ಇಳಿಯುತ್ತದೆ, ಕೂಸನ್ನು ಬಗಲಲ್ಲಿಟ್ಟುಕೊಂಡು ಓಡಲಾಗುವುದಿಲ್ಲ.

ಅವತ್ತು ನೀರಿಗೆ ಬಿದ್ದ ಹುಡುಗ ಈಗ ಶಾಲೆಗೆ ಹೋಗುತ್ತಾನೆ. ಅವನ ಅಕ್ಕನೂ ಹೋಗುತ್ತಾಳೆ. ಸುಗ್ಗಿ ದಿನಗಳಲ್ಲಿ ಶಾಲೆ ಬಿಟ್ಟ ಮೇಲೆ ನಮ್ಮ ಪಡಸಾಲೆಗೆ ಬಂದು ಕೂಸುಗಳಿಗೆ ಕಥೆ ಹೇಳುತ್ತಾಳೆ. ತಡಿಕೆ ಬಾಗಿಲು ತೆರೆದು ಒಳಗೆ ಬಂದ ಕೂಡಲೇ ತಿರುಗಿ ಅಗಳಿ ಹಾಕಿದೆಯೋ ಅಂತ ಎರಡು ಸಲ ನೋಡುತ್ತಾಳೆ.