ಉರಿಯದ ಆಸಿಡ್‌ಗೇ ಹೆಚ್ಚು ಹೆದರಬೇಕು: ಹೈಡ್ರೋಫ್ಲೋರಿಕ್ ಕಥೆ

ಇವತ್ತಿನ ಎಪಿಸೋಡ್ ಹುಟ್ಟಿದ್ದು ಒಂದು ವಾಯ್ಸ್ ನೋಟ್‌ನಿಂದ. ಪೀಣ್ಯದ ಕಡೆ ಸ್ಟೀಲ್ ಫ್ಯಾಬ್ರಿಕೇಶನ್ ಕೆಲಸ ಮಾಡೋ ಕೇಳುಗರೊಬ್ಬರು ಕೇಳಿದ್ದಾರೆ: "ನಮ್ಮ ಶಾಪ್‌ನಲ್ಲಿ ಪಿಕ್ಲಿಂಗ್ ಪೇಸ್ಟ್ ಡಬ್ಬದ ಪಕ್ಕದಲ್ಲೇ ಒಂದು ಟ್ಯೂಬ್ ಇಟ್ಟಿದ್ದಾರೆ. ಯಾರೂ ಮುಟ್ಟಬಾರದು, ಎಲ್ಲೂ ಒಯ್ಯಬಾರದು ಅಂತಾರೆ. ಅದರಲ್ಲಿ ಏನಿದೆ?"

ತುಂಬಾ ಒಳ್ಳೆ ಪ್ರಶ್ನೆ. ಆ ಟ್ಯೂಬ್ ಇಟ್ಟವರಿಗೆ ನನ್ನ ಕಡೆಯಿಂದ ಒಂದು ಸಲಾಂ.

ಪಿಕ್ಲಿಂಗ್ ಅಂದ್ರೆ ಉಪ್ಪಿನಕಾಯಿ ಹಾಕೋದಲ್ಲ. ಸ್ಟೇನ್‌ಲೆಸ್ ಸ್ಟೀಲ್ ವೆಲ್ಡ್ ಮಾಡಿದ ಜಾಗ ಕಪ್ಪು, ನೀಲಿ ಬಣ್ಣಕ್ಕೆ ತಿರುಗುತ್ತಲ್ಲ, ಅದನ್ನ ತೆಗೆದು ಹೊಳಪು ಬರಿಸೋಕೆ ಹಚ್ಚುವ ಪೇಸ್ಟ್ ಇದು. ಸಾಮಾನ್ಯವಾಗಿ ಇದರಲ್ಲಿ ಎರಡು ಆಸಿಡ್ ಇರುತ್ತವೆ. ಒಂದು ನೈಟ್ರಿಕ್ ಆಸಿಡ್. ಇನ್ನೊಂದು ನಮ್ಮ ಇವತ್ತಿನ ಕಥಾನಾಯಕ, ಅಥವಾ ಖಳನಾಯಕ: ಹೈಡ್ರೋಫ್ಲೋರಿಕ್ ಆಸಿಡ್.

ಹೆಸರನ್ನ ಇನ್ನೊಂದು ಸಲ ಕೇಳಿಸ್ಕೊಳ್ಳಿ. ಟಾಯ್ಲೆಟ್ ತೊಳೆಯೋಕೆ ತರ್ತೀವಲ್ಲ, ಅದು ಹೈಡ್ರೋಕ್ಲೋರಿಕ್. ಇದು ಹೈಡ್ರೋಫ್ಲೋರಿಕ್. 'ಕ್ಲೋ' ಹೋಗಿ 'ಫ್ಲೋ' ಬಂತು, ಅಷ್ಟೇ. ಗಡಿಬಿಡಿಯಲ್ಲಿ ಆಸ್ಪತ್ರೆಗೆ ಓಡಿದಾಗ ಈ ಒಂದು ಅಕ್ಷರ ತಪ್ಪು ಕೇಳಿಸಿದರೆ ಸಿಗೋ ಚಿಕಿತ್ಸೆಯೇ ಬೇರೆ ಆಗಿಬಿಡಬಹುದು. ಯಾಕೆ ಅಂತ ಹೇಳ್ತೀನಿ.

ಕೆಮಿಸ್ಟ್ರಿ ಪುಸ್ತಕ ತೆಗೆದ್ರೆ ಹೈಡ್ರೋಫ್ಲೋರಿಕ್ ಅನ್ನು 'ದುರ್ಬಲ ಆಮ್ಲ' ಅಂತ ಬರೆದಿರ್ತಾರೆ. ಓದಿದ ಹುಡುಗರು, ಓಹ್, ಇದು ಪಾಪದ್ದು ಅಂದ್ಕೋತಾರೆ. ಇಲ್ಲೇ ಇರೋದು ಮೋಸ. ಕೆಮಿಸ್ಟ್ರಿಯಲ್ಲಿ ದುರ್ಬಲ ಅಂದ್ರೆ ನೀರಿಗೆ ಬಿದ್ದಾಗ ಅದರ ಅಣುಗಳು ಪೂರ್ತಿ ಒಡೆಯಲ್ಲ ಅಂತ ಅರ್ಥ. ಸಲ್ಫ್ಯೂರಿಕ್, ಹೈಡ್ರೋಕ್ಲೋರಿಕ್ ಇವೆಲ್ಲ ಬಾಗಿಲಲ್ಲೇ ಜಗಳ ತೆಗೆಯೋ ರೌಡಿಗಳು. ಚರ್ಮ ಮುಟ್ಟಿದ ಕೂಡಲೇ ಸುಡುತ್ತವೆ, ನೀವು ಕೂಗ್ತೀರಿ, ನೀರಿನ ಕಡೆ ಓಡ್ತೀರಿ. ಹೈಡ್ರೋಫ್ಲೋರಿಕ್ ಹಾಗಲ್ಲ. ಒಡೆಯದೆ ಉಳಿದ ಅದರ ಸಣ್ಣ ಅಣು ಸದ್ದಿಲ್ಲದೆ ಚರ್ಮ ದಾಟಿ ಒಳಗೆ ಇಳಿಯುತ್ತೆ. ಆಮೇಲೆ ಅಲ್ಲಿ ಒಡೆದು ಫ್ಲೋರೈಡನ್ನು ಬಿಡುತ್ತೆ.

ಈ ಫ್ಲೋರೈಡ್‌ಗೆ ಕ್ಯಾಲ್ಸಿಯಂ ಕಂಡ್ರೆ ಸಾಕು, ಹಿಡ್ಕೊಂಡು ಗಟ್ಟಿಯಾಗಿ ಕೂತುಬಿಡುತ್ತೆ. ಮೆಗ್ನೀಸಿಯಂ ಅನ್ನೂ ಬಿಡಲ್ಲ. ಕ್ಯಾಲ್ಸಿಯಂ ಅಂದ ತಕ್ಷಣ ನಮಗೆ ನೆನಪಾಗೋದು ಮೂಳೆ, ಹಲ್ಲು. ಆದರೆ ರಕ್ತದಲ್ಲಿ ಓಡಾಡೋ ಸ್ವಲ್ಪ ಕ್ಯಾಲ್ಸಿಯಂ ಇದೆಯಲ್ಲ, ನಿಮ್ಮ ಹೃದಯ ಸರಿಯಾದ ತಾಳದಲ್ಲಿ ಬಡ್ಕೊಳ್ಳೋಕೆ ಅದು ಬೇಕೇ ಬೇಕು. ಅದು ಖಾಲಿ ಆಗ್ತಾ ಹೋದರೆ ಹೃದಯದ ತಾಳ ತಪ್ಪುತ್ತೆ. ಹಾಗಾಗಿ ಇದು ಬರೀ ಸುಟ್ಟ ಗಾಯ ಅಲ್ಲ. ಚರ್ಮದ ಮೂಲಕ ಒಳಗೆ ಹೋದ ವಿಷ. ನಿಮ್ಮ ಅಂಗೈ ಅಂದ್ರೆ ದೇಹದ ಮೇಲ್ಮೈಯ ಸುಮಾರು 1 ಪರ್ಸೆಂಟ್ ಅಂತ ಲೆಕ್ಕ. ತುಂಬಾ ಗಾಢವಾದ ಹೈಡ್ರೋಫ್ಲೋರಿಕ್ ಎರಡು-ಮೂರು ಅಂಗೈಯಷ್ಟು ಜಾಗಕ್ಕೆ ಬಿದ್ದು ಜನ ತೀರಿಕೊಂಡ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಸರಿ, ನೋವು ಯಾವಾಗ ಗೊತ್ತಾಗುತ್ತೆ? 50 ಪರ್ಸೆಂಟ್‌ಗಿಂತ ಗಾಢ ಇದ್ರೆ ಕೂಡಲೇ. 20ರಿಂದ 50 ಇದ್ರೆ ಒಂದರಿಂದ ಎಂಟು ಗಂಟೆ ಬಿಟ್ಟು. 20ಕ್ಕಿಂತ ಕಡಿಮೆ ಇದ್ರೆ 24 ಗಂಟೆವರೆಗೂ ಏನೂ ಅನಿಸದೆ ಇರಬಹುದು. ಅಂದ್ರೆ ಬೆಳಿಗ್ಗೆ ಹತ್ತಕ್ಕೆ ಬೆರಳಿಗೆ ತಾಗಿರುತ್ತೆ, ಒರೆಸ್ಕೊಂಡು ಕೆಲಸ ಮುಂದುವರೆಸಿರ್ತೀರಿ, ಊಟ ಆಗುತ್ತೆ, ಶಿಫ್ಟ್ ಮುಗಿಯುತ್ತೆ. ರಾತ್ರಿ ಉಗುರಿನ ಕೆಳಗೆ ಶುರುವಾಗುತ್ತೆ ನೋಡಿ ನೋವು, ಹಲ್ಲು ಕಚ್ಚಿದ್ರೂ ತಡ್ಕೊಳ್ಳೋಕಾಗಲ್ಲ. ಚರ್ಮದ ಮೇಲೆ ಮಾತ್ರ ಹೆಚ್ಚೇನೂ ಕಾಣಲ್ಲ, ಸ್ವಲ್ಪ ಕೆಂಪು ಅಷ್ಟೇ. ಡ್ಯೂಟಿ ಡಾಕ್ಟರ್‌ಗೆ ನೀವು ಬರೀ 'ಆಸಿಡ್ ತಾಗಿತ್ತು' ಅಂದ್ರೆ, ಅವರು ಈ ಗಾಯ ನೋಡಿ ಏನು ಊಹಿಸಬೇಕು ಹೇಳಿ?

ಈಗ ಆ ಟ್ಯೂಬ್‌ಗೆ ಬರೋಣ. ಅದರಲ್ಲಿ ಇರೋದು ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್, ಸಾಮಾನ್ಯವಾಗಿ 2.5 ಪರ್ಸೆಂಟ್. ಫ್ಲೋರೈಡ್ ಹುಡುಕ್ತಾ ಇರೋದೇ ಕ್ಯಾಲ್ಸಿಯಂ ತಾನೆ? ನಾವೇ ಹೊರಗಿಂದ ಕೊಡೋದು. ಮೈಯೊಳಗಿನದನ್ನ ಬಿಟ್ಟು ಇದನ್ನ ಹಿಡ್ಕೋ ಅಂತ. ಇಷ್ಟು ಸರಳ ಐಡಿಯಾ.

ತಾಗಿದ್ರೆ ಮಾಡಬೇಕಾದ್ದು: ಬಟ್ಟೆ, ವಾಚು, ಉಂಗುರ ತೆಗೆದು ಕೂಡಲೇ ಹರಿಯೋ ನೀರಿಗೆ ಹಿಡೀರಿ. ಜೆಲ್ ಹತ್ರ ಇದ್ರೆ ಐದು ನಿಮಿಷ ಚೆನ್ನಾಗಿ ತೊಳೆದು ಹಚ್ಚೋಕೆ ಶುರು ಮಾಡಬಹುದು, ಇಲ್ಲದಿದ್ರೆ ಕನಿಷ್ಠ ಹದಿನೈದು ನಿಮಿಷ ತೊಳೀತಾ ಇರಿ. ಹಚ್ಚುವವರು ಗ್ಲೌಸ್ ಹಾಕ್ಕೊಂಡೇ ಹಚ್ಚಬೇಕು, ಇಲ್ಲಾಂದ್ರೆ ಒಬ್ಬರ ಬದಲು ಇಬ್ಬರು ಪೇಷಂಟ್ ಆಗ್ತಾರೆ. ಸುಮ್ನೆ ಸವರಿ ಬಿಡೋದಲ್ಲ, ತಿಕ್ಕಿ ತಿಕ್ಕಿ ಹಚ್ಚಬೇಕು, ಮತ್ತೆ ಮತ್ತೆ ಹಚ್ಚಬೇಕು. ಕಣ್ಣಿಗೆ ಬಿದ್ರೆ ಈ ಜೆಲ್ ಹಾಕಬೇಡಿ, ನೀರು ಮಾತ್ರ. ನೋವು ಇರಲಿ ಬಿಡಲಿ, ಆಸ್ಪತ್ರೆಗೆ ಹೋಗಲೇಬೇಕು. ಹೋಗುವಾಗ ಡಬ್ಬದ ಲೇಬಲ್ ಫೋಟೋ ನಿಮ್ಮ ಫೋನಲ್ಲಿರಲಿ. ಬಾಯಲ್ಲಿ ಹೇಳಿದ್ದು ಕ್ಲೋ-ಫ್ಲೋ ಆಗಬಹುದು, ಫೋಟೋ ಆಗಲ್ಲ.

ಜೆಲ್ ಎಲ್ಲ ಕಡೆ ಸಿಗಲ್ಲ ಅನ್ನೋದು ನಿಜ. ಆದ್ರೆ ಕ್ಯಾಲ್ಸಿಯಂ ಗ್ಲೂಕೋನೇಟ್ ಇಂಜೆಕ್ಷನ್ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಇರುವ ಔಷಧಿ. ಅದನ್ನ ನೀರಲ್ಲಿ ಕರಗುವ ಜೆಲ್ಲಿಗೆ ಬೆರೆಸಿ ಡಾಕ್ಟರ್‌ಗಳು ಅಲ್ಲೇ ತಯಾರು ಮಾಡ್ಕೋತಾರೆ. ಜೊತೆಗೆ ಇಸಿಜಿ ಹಾಕಿ ಹೃದಯ ನೋಡ್ತಾರೆ, ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಅಂತ ಪದೇ ಪದೇ ಪರೀಕ್ಷೆ ಮಾಡ್ತಾರೆ. ನನಗೆ ತುಂಬಾ ಸ್ವಾರಸ್ಯ ಅನಿಸಿದ ಸಂಗತಿ ಇನ್ನೊಂದಿದೆ. ಈ ಗಾಯಕ್ಕೆ ಮರಗಟ್ಟಿಸೋ ಇಂಜೆಕ್ಷನ್ ಕೊಡೋಕೆ ವೈದ್ಯರು ಹಿಂದೆಮುಂದೆ ನೋಡ್ತಾರೆ. ಯಾಕಂದ್ರೆ ನೋವು ಇಳಿಯೋದೇ ಕ್ಯಾಲ್ಸಿಯಂ ಕೆಲಸ ಮಾಡ್ತಿದೆ ಅನ್ನೋದರ ಗುರುತು. ನೋವನ್ನ ಮುಚ್ಚಿಬಿಟ್ಟರೆ ಆ ಗುರುತೂ ಹೋಯ್ತು.

ಗ್ಲೌಸ್ ಬಗ್ಗೆ ಒಂದು ಮಾತು. ಮೆಡಿಕಲ್ ಶಾಪ್‌ನ ತೆಳು ಗ್ಲೌಸ್ ಇದಕ್ಕೆ ಸಾಲದು. ನಿಯೋಪ್ರೀನ್ ಅಥವಾ ಬ್ಯೂಟೈಲ್ ರಬ್ಬರಿನ ದಪ್ಪ ಗ್ಲೌಸ್ ಬೇಕು, ಹಾಕೋ ಮುಂಚೆ ಸೂಜಿಮೊನೆಯಷ್ಟು ತೂತಿದೆಯಾ ಅಂತ ನೋಡಬೇಕು. ಆಸಿಡನ್ನ ಗಾಜಿನ ಸೀಸೆಗೆ ಹಾಕಬೇಡಿ. ಇದು ಗಾಜನ್ನೇ ತಿನ್ನುತ್ತೆ, ಪ್ಲಾಸ್ಟಿಕ್ ಕ್ಯಾನೇ ಬೇಕು. ಚೆಲ್ಲಿದ್ರೆ ಮರಳು ಸುರಿಯೋದು ನಮ್ಮ ಕಡೆ ಅಭ್ಯಾಸ, ಇಲ್ಲಿ ಅದೂ ನಡೆಯಲ್ಲ. ಮರಳಿನ ಜೊತೆ ಸೇರಿ ಇನ್ನೊಂದು ವಿಷಾನಿಲ ಹುಟ್ಟುತ್ತೆ. ನೆಲಕ್ಕೆ ಚೆಲ್ಲಿದ್ದನ್ನ ಹಿಡಿದಿಡೋಕೆ ಸುಣ್ಣ ಬೇಕು, ಅದರಲ್ಲಿರೋದೂ ಕ್ಯಾಲ್ಸಿಯಮ್ಮೇ. ಸುಣ್ಣ ನೆಲಕ್ಕೆ ಮಾತ್ರ, ಮೈಗಲ್ಲ.

ಗಾಜು, ಮರಳು ತಿನ್ನೋ ಈ ಗುಣದಿಂದಲೇ ಇದಕ್ಕೆ ಇಷ್ಟು ಬೆಲೆ. ಗಾಜು, ಮರಳು ಎರಡರ ಮುಖ್ಯ ವಸ್ತು ಸಿಲಿಕಾನ್ ಡೈಆಕ್ಸೈಡ್. ನೀವು ಈಗ ಇದನ್ನ ಕೇಳ್ತಿರೋ ಫೋನಿನ ಚಿಪ್ ಮೇಲೂ ಅದೇ ಪದರ ಬೆಳೆಸ್ತಾರೆ, ಆಮೇಲೆ ಬೇಡದ ಕಡೆ ತೆಗೀತಾರೆ. ತೆಗೆಯೋದಕ್ಕೆ ಬೇಕಾಗೋದು ಇದೇ ಹೈಡ್ರೋಫ್ಲೋರಿಕ್. 2019ರ ಜುಲೈನಲ್ಲಿ ಜಪಾನ್ ದಕ್ಷಿಣ ಕೊರಿಯಾಗೆ ಮೂರು ವಸ್ತುಗಳ ರಫ್ತು ಬಿಗಿ ಮಾಡಿದಾಗ ಕೊರಿಯಾದ ಚಿಪ್ ಕಂಪನಿಗಳು ಕಂಗಾಲಾದವು. ಆ ಮೂರರಲ್ಲಿ ಹೈಡ್ರೋಜನ್ ಫ್ಲೋರೈಡ್ ಕೂಡ ಒಂದು.

ಆ ಕೊರಿಯಾಗೆ ಇದರ ಇನ್ನೊಂದು ಮುಖ ಅದಕ್ಕೂ ಏಳು ವರ್ಷ ಮೊದಲೇ ಗೊತ್ತಾಗಿತ್ತು. ಗುಮಿ ಅಂತ ಒಂದು ಊರು, ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಿಗೆ ಹೆಸರುವಾಸಿ. 2012ರ ಸೆಪ್ಟೆಂಬರ್ 27, ಮಧ್ಯಾಹ್ನ. ಅಲ್ಲಿನ ಒಂದು ಕೆಮಿಕಲ್ ಘಟಕದಲ್ಲಿ ಟ್ಯಾಂಕರ್‌ನಿಂದ ಹೈಡ್ರೋಜನ್ ಫ್ಲೋರೈಡ್ ಇಳಿಸ್ತಾ ಇದ್ದರು. ನೀರು ಬೆರೆಸದ ಶುದ್ಧ ರೂಪ ಅದು. ಇದರ ಕುದಿಬಿಂದು 19.5 ಡಿಗ್ರಿ. ಬೆಂಗಳೂರಿನ ತಂಪು ಸಂಜೆಗೂ ಇದು ಅನಿಲ ಆಗಿ ಏಳುತ್ತೆ ಅಂದ್ಕೊಳ್ಳಿ. ಕೆಲಸದ ನಡುವೆ ಕವಾಟ ತೆರೆದುಕೊಂಡು ಸುಮಾರು 8 ಟನ್ ಹೊರಬಿತ್ತು. ಐದು ಜನ ಸತ್ತರು. ಸರಿಯಾದ ರಕ್ಷಣಾ ಉಡುಪು ಹಾಕಿರಲಿಲ್ಲ ಅನ್ನೋದು ಆಮೇಲೆ ಬಯಲಾಯ್ತು.

ಬಿಳಿ ಮೋಡ ಪಕ್ಕದ ಹಳ್ಳಿಗಳಿಗೆ ಹಬ್ಬಿತು. ಮೂರೇ ದಿನಕ್ಕೆ ಚುಸೋಕ್, ಅವರ ಸುಗ್ಗಿ ಹಬ್ಬ, ನಮ್ಮ ಸಂಕ್ರಾಂತಿ ಥರ. ಸುಗ್ಗಿಯ ಹೊತ್ತಿಗೆ ನೂರಾರು ಎಕರೆ ಬೆಳೆಯ ಎಲೆಗಳು ಸುಟ್ಟು ಒಣಗಿದವು, ದನಗಳು ಕಾಯಿಲೆ ಬಿದ್ದವು. ಸೋರಿಕೆ ತಡೆಯೋಕೆ ಬಂದವರು ಮೊದಲು ಸುರಿಸಿದ್ದು ನೀರು, ಸುಣ್ಣ ಬಂದಿದ್ದು ತಡವಾಗಿ. ನನಗೆ ಸಿಟ್ಟು ಬರಿಸೋದು ಮುಂದಿನದು. ಸ್ಥಳಾಂತರಿಸಿದ ಜನರನ್ನ ಮರುದಿನವೇ ಮನೆಗೆ ಹೋಗಿ ಅಂದರು. ಹೋದರು. ಕೆಮ್ಮು, ಕಣ್ಣುರಿ, ದದ್ದು ಅಂತ ಸಾವಿರಾರು ಜನ ಡಾಕ್ಟರ್ ಹತ್ತಿರ ಸಾಲು ನಿಂತರು, ಮತ್ತೆ ಊರು ಬಿಡಬೇಕಾಯ್ತು. ಸರ್ಕಾರ ಅದನ್ನ ವಿಶೇಷ ವಿಪತ್ತು ಪ್ರದೇಶ ಅಂತ ಘೋಷಿಸಿದ್ದು ಅಕ್ಟೋಬರ್ 8ಕ್ಕೆ, ಹನ್ನೊಂದು ದಿನ ಆದ ಮೇಲೆ. ಮುಂದಿನ ವರ್ಷ ಕೆಮಿಕಲ್ ಕಾಯ್ದೆ ಬಿಗಿ ಮಾಡಿದರು, 2015ರ ಜನವರಿ 1ರಿಂದ ಜಾರಿ.

ಈಗ ಗುಜರಾತ್‌ನ ಧೋಲೇರಾದಲ್ಲಿ ಚಿಪ್ ಕಾರ್ಖಾನೆ ಬರ್ತಿದೆ, ನಮ್ಮ ದೇಶಕ್ಕೂ ಈ ಆಸಿಡ್ ಇನ್ನಷ್ಟು ಬೇಕಾಗುತ್ತೆ. ಚಿಪ್ ಬಗ್ಗೆ ರೀಲ್ಸ್ ನೋಡ್ತೀವಿ, ಸುಣ್ಣದ ಚೀಲ ಎಲ್ಲಿಟ್ಟಿದ್ದಾರೆ ಅಂತ ಯಾರೂ ಕೇಳಲ್ಲ.

ಕೆಲವರು ಕೇಳ್ತೀರಿ, ಪಾವಗಡದ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ ಅಂತಾರಲ್ಲ, ಅದೂ ಇದೇನಾ? ಫ್ಲೋರೈಡ್ ಅದೇ. ಆದ್ರೆ ಅಲ್ಲಿ ಅದು ನೆಲದ ಕಲ್ಲಿನಿಂದ ನೀರಿಗೆ ಇಳಿದು, ವರ್ಷಗಟ್ಟಲೆ ಕುಡಿದು ಹಲ್ಲು, ಮೂಳೆ ಕೆಡೋ ಕಥೆ. ಅದಕ್ಕೆ ಬೇರೆ ಎಪಿಸೋಡೇ ಬೇಕು.

ಕಾರ್ಖಾನೆಗೆ ಹೋಗದವರೂ ಎರಡು ಜಾಗದಲ್ಲಿ ಕಣ್ಣು ಇಡಿ. ಬಟ್ಟೆಯ ತುಕ್ಕಿನ ಕಲೆ ತೆಗೆಯೋದು, ಕಾರಿನ ಚಕ್ರ ತೊಳೆಯೋದು, ಗಾಜಿನ ಮೇಲೆ ಡಿಸೈನ್ ಕೊರೆಯೋ ಕ್ರೀಮು, ಇವುಗಳಲ್ಲಿ ಕೆಲವಕ್ಕೆ ಹೈಡ್ರೋಫ್ಲೋರಿಕ್ ಅಥವಾ ಅದರ ತಮ್ಮ ಅಮೋನಿಯಂ ಬೈಫ್ಲೋರೈಡ್ ಹಾಕಿರ್ತಾರೆ. ಲೇಬಲ್ ಝೂಮ್ ಮಾಡಿ 'ಫ್ಲೋ' ಹುಡುಕಿ. ಲೇಬಲ್ಲೇ ಇಲ್ಲದ ಬಾಟಲಿ ಮನೆಗೆ ತರಬೇಡಿ. ಇನ್ನೊಂದು, ಹೈವೇಯಲ್ಲಿ ಟ್ಯಾಂಕರ್ ಹಿಂದೆ ಇರೋ ಬೋರ್ಡಿನ ನಾಲ್ಕಂಕಿ ನಂಬರು. 1790 ಇದ್ರೆ ನೀರು ಬೆರೆಸಿದ ಹೈಡ್ರೋಫ್ಲೋರಿಕ್, 1052 ಇದ್ರೆ ಗುಮಿಯಲ್ಲಿ ಸೋರಿದ ಶುದ್ಧ ರೂಪ. ಅಂಥ ಗಾಡಿ ಪಲ್ಟಿಯಾಗಿದ್ರೆ ವಿಡಿಯೋ ಮಾಡೋಕೆ ಹತ್ರ ಹೋಗಬೇಡಿ. ಗಾಳಿ ಬರ್ತಿರೋ ಕಡೆಗೆ ದೂರ ಸರಿದು 112ಕ್ಕೆ ಫೋನ್ ಮಾಡಿ, ನಂಬರ್ ಓದಿದ್ದರೆ ಅದನ್ನೇ ಮೊದಲು ಹೇಳಿ.

ಪೀಣ್ಯದ ಗೆಳೆಯರೇ, ಒಂದು ಕೆಲಸ ಬಾಕಿ ಇದೆ. ಆ ಟ್ಯೂಬ್ ತಿರುಗಿಸಿ ಎಕ್ಸ್‌ಪೈರಿ ಡೇಟ್ ನೋಡಿ, ನನಗೊಂದು ಮೆಸೇಜ್ ಹಾಕಿ.